ಮೀನಿನ ನಾತ, ಮಾವನ ಆಸೆ

ಕುಂಬಳೆಯ ಮೀನು ಮಾರುಕಟ್ಟೆ ದಾಟುವಾಗ ಮಾವ ಬಸ್ಸಿನ ಕಿಟಕಿಯಲ್ಲಿ ಮೂಗರಳಿಸಿದರು. ವಾರಕ್ಕೆ 3 ಸಲ ಡಯಾಲಿಸಿಸ್‌ಗೆಂದು ಮಂಗಳೂರಿಗೆ ಹೋಗುವ ದಾರಿ ಇದು. ಹಳಸಿದ ಮೀನಿನ ಆ ನಾತ ಟ್ರೈಮೀಥೈಲಮೈನ್ ಎಂಬ ರಾಸಾಯನಿಕದ್ದು. ಮೊಟ್ಟೆಯ ಹಳದಿ, ಕೆಂಪು ಮಾಂಸ ತಿಂದರೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನೇ ತಯಾರಿಸುತ್ತವೆ! ಯಕೃತ್ತು ಅದಕ್ಕೆ ಆಮ್ಲಜನಕ ಸೇರಿಸಿ ಟಿಎಂಎಓ (ಟ್ರೈಮೀಥೈಲಮೈನ್ ಎನ್-ಆಕ್ಸೈಡ್) ಆಗಿಸುತ್ತದೆ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ಅದರ ಮಟ್ಟ ಹೆಚ್ಚಿರುವ ರೋಗಿಗಳಲ್ಲಿ ಹೃದಯದ ತೊಂದರೆ, ಸಾವು ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಕಾರಣ ಅದೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಹೀಗೆಯೇ ಕರುಳಿನ ಬ್ಯಾಕ್ಟೀರಿಯಾಗಳಿಂದ ಶುರುವಾಗಿ ರಕ್ತದಲ್ಲಿ ಉಳಿಯುವ ಇನ್ನೊಂದು ಕಲ್ಮಷ ಇಂಡಾಕ್ಸಿಲ್ ಸಲ್ಫೇಟ್ ಇನ್ನೂ ಹಟಮಾರಿ. ಶೇ. 90ಕ್ಕೂ ಹೆಚ್ಚು ಭಾಗ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, 4 ಗಂಟೆಯ ಡಯಾಲಿಸಿಸ್‌ಗೂ ಅಷ್ಟಾಗಿ ಜಗ್ಗುವುದಿಲ್ಲ.

ಇದನ್ನೆಲ್ಲ ವಿವರಿಸಿದೆ. "ಒಂದು ಬಂಗುಡೆಗೆ ಇಷ್ಟು ಶಾಸ್ತ್ರವೇ?" ಎಂದರು ಮಾವ.