ಕೋಪೆಪಾಡ್ ಕಲ್ಚರಿನಿಂದ ರೋಟಿಫರ್ ಕೊನೆಗೂ ತೊಲಗಿತು

ಹನ್ನೊಂದನೇ ದಿನ. ಒಂದು ಲೀಟರ್ ನೀರನ್ನು 40 ಮೈಕ್ರಾನ್ ಜರಡಿಯಲ್ಲಿ ಸೋಸಿ ನೋಡಿದರೂ ಒಂದೇ ಒಂದು ರೋಟಿಫರ್ (ನೀರಿನ ಸೂಕ್ಷ್ಮಜೀವಿ) ಇಲ್ಲ! ಸ್ಯೂಡೋಡಯಾಪ್ಟೋಮಸ್ ಎಂಬ ಕೋಪೆಪಾಡಿನ (ಸೀಗಡಿ ಬಳಗದ ಪುಟ್ಟ ಜೀವಿ) ಕಲ್ಚರ್, ಅಂದರೆ ಸಾಕಣೆ, ಶುದ್ಧವಾಗಿದೆ. 25 ಪಿಪಿಟಿ (ಸಾವಿರಕ್ಕೆ 25 ಭಾಗ) ಉಪ್ಪು, 28 ಡಿಗ್ರಿ, ಐಸೊಕ್ರೈಸಿಸ್ ಎಂಬ ಸೂಕ್ಷ್ಮ ಪಾಚಿಯ ಮೇವು, ಎಲ್ಲ ಎಂದಿನಂತೆಯೇ.

ಈ ಕಾಟ ಬಂದದ್ದು "ಜೀವಂತ ಕೋಪೆಪಾಡ್" ಎಂದು ಕೊಂಡ ಬಾಟಲಿಯಲ್ಲೇ. ಮಾರುವ ಮುಂಚೆ ಒಂದು ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡುವುದು ಅಷ್ಟು ಕಷ್ಟವೇ? ಹೆಣ್ಣು ರೋಟಿಫರ್‌ಗೆ ಗಂಡು ಬೇಕಿಲ್ಲ, ಒಂದೆರಡು ದಿನಕ್ಕೆ ಸಂಖ್ಯೆ ಇಮ್ಮಡಿ. ಕೋಪೆಪಾಡ್ ಆರು ನಾಪ್ಲಿಯಸ್ (ಮರಿ), ಐದು ಕೋಪೆಪೋಡಿಡ್ (ಎಳೆಯ ಕೋಪೆಪಾಡ್) ಹಂತ ದಾಟಿ ಬಲಿಯುವಷ್ಟರಲ್ಲಿ ಮೇವೆಲ್ಲ ರೋಟಿಫರ್ ಹೊಟ್ಟೆಗೆ.

ಜರಡಿ ಇಲ್ಲಿ ಕೈಕೊಡುತ್ತದೆ. 200 ಮೈಕ್ರಾನಿನ ಮೇಲೆ ಬಲಿತ ಕೋಪೆಪಾಡ್ ನಿಲ್ಲುತ್ತದೆ, ರೋಟಿಫರ್ ಕೆಳಗಿಳಿಯುತ್ತದೆ. ಆದರೆ ಕಸದ ಎಳೆಗೆ ಸಿಕ್ಕಿಕೊಂಡ ಎರಡು ಉಳಿದರೂ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ನಾಪ್ಲಿಯಸ್ಸೂ ರೋಟಿಫರ್ರೂ ಹೆಚ್ಚುಕಡಿಮೆ ಒಂದೇ ಗಾತ್ರ, ಅವನ್ನು ಯಾವ ಜರಡಿಯೂ ಬೇರ್ಪಡಿಸದು. ಸಾಲದ್ದಕ್ಕೆ, 100 ಮೈಕ್ರಾನ್ ಎಂದು ಕೊಟ್ಟ ಬಟ್ಟೆಯ ಕಣ್ಣನ್ನು ಅಳೆದರೆ 140. ಹೊಸ ಮೆಶ್ ಬಂದರೆ ಮೊದಲು ಅಳೆಯಿರಿ.

ದಾರಿ ಸಿಕ್ಕಿದ್ದು ಮೊಟ್ಟೆಚೀಲದಲ್ಲಿ. ಅಕಾರ್ಷಿಯ ಎಂಬ ಕೋಪೆಪಾಡ್ ಮೊಟ್ಟೆಗಳನ್ನು ನೀರಿಗೇ ಬಿಡುತ್ತದೆ, ಸ್ಯೂಡೋಡಯಾಪ್ಟೋಮಸ್ ಹೊತ್ತು ತಿರುಗುತ್ತದೆ. ಅಂಥ 40 ಹೆಣ್ಣುಗಳನ್ನು ಒಂದು ಮಿಲಿಮೀಟರ್ ಬಾಯಿಯ ಡ್ರಾಪರಿನಲ್ಲಿ ಹಿಡಿದು, 1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ಅದೇ ಉಪ್ಪಿನ ನೀರಿನ ಆರು ಬಟ್ಟಲುಗಳಲ್ಲಿ ಸಾಲಾಗಿ ತೊಳೆದದ್ದಾಯಿತು. ಬಟ್ಟಲಿಗೆ 50 ಮಿಲಿ. ಜೊತೆಗೆ ಸಾಗುವ ನೀರು ಒಂದು ಹನಿ ಮೀರಬಾರದು, ಸೋಂಕು ಸಾಗುವುದು ಅದರಲ್ಲೇ.

ಎಲ್ಲವನ್ನೂ ಒಂದೇ ಪಾತ್ರೆಗೆ ಬಿಟ್ಟಿದ್ದರೆ ಶ್ರಮವೆಲ್ಲ ನೀರುಪಾಲಾಗುತ್ತಿತ್ತು. 12 ಗುಳಿಯ ವೆಲ್ ಪ್ಲೇಟುಗಳಲ್ಲಿ ಗುಳಿಗೊಂದು ಹೆಣ್ಣು, 4 ಮಿಲಿ ನೀರು, ತೆಳುವಾಗಿ ಐಸೊಕ್ರೈಸಿಸ್. ಮರಿ ಒಡೆದ ಮೇಲೆ ತಾಯಿಯನ್ನು ತೆಗೆದು ಪ್ರತಿ ಗುಳಿಯನ್ನೂ ಎರಡು ದಿನ ನೋಡಬೇಕು. 40ರಲ್ಲಿ 7 ಗುಳಿಗಳಲ್ಲಿ ರೋಟಿಫರ್ ಕಂಡಿತು, ಅವನ್ನು ಹಾಗೇ ಬ್ಲೀಚಿಗೆ ಸುರಿದದ್ದಾಯಿತು. ಉಳಿದ 33ರ ನಾಪ್ಲಿಯಸ್‌ಗಳೇ ಈಗಿನ ಕಲ್ಚರಿನ ಬೀಜ.

ಹಳೆಯ ಏರ್‌ಸ್ಟೋನ್ (ನೀರಿಗೆ ಗಾಳಿಗುಳ್ಳೆ ಬಿಡುವ ಕಲ್ಲು), ಟ್ಯೂಬುಗಳನ್ನು ಒಣಗಿಸಿ ಮತ್ತೆ ಬಳಸಬೇಡಿ. ರೋಟಿಫರಿನ ವಿಶ್ರಾಂತಿ ಮೊಟ್ಟೆ ಒಣಗಿದರೂ ಸಾಯದು. ಗಾಳಿಗುಳ್ಳೆ ಒಡೆದು ಸಿಡಿಯುವ ಹನಿಯಲ್ಲೂ ರೋಟಿಫರ್ ಪಕ್ಕದ ಟ್ಯಾಂಕಿಗೆ ಹಾರುತ್ತದೆ. ಆದ್ದರಿಂದ ಬೇರೆಯಾಗಿ ಸಾಕುವ ರೋಟಿಫರಿನ ಬಕೆಟ್ಟು ಬೇರೆ ಕೋಣೆಗೆ, ಬೆಳಗಿನ ಕೆಲಸ ಕೋಪೆಪಾಡಿನಿಂದ ಶುರು.

ಮುಂದಿನದು ಅಪೋಸೈಕ್ಲಾಪ್ಸ್ ಎಂಬ ಇನ್ನೊಂದು ಕೋಪೆಪಾಡ್. ಅದರ ಹೆಣ್ಣು ಬಾಲದ ಎರಡೂ ಬದಿಗೆ ಚೀಲ ಹೊರುತ್ತದೆ, ಹೆಚ್ಚು ದಟ್ಟಣೆಯನ್ನೂ ತಾಳುತ್ತದೆ. ಗಾತ್ರ ಚಿಕ್ಕದು, ಡ್ರಾಪರಿನ ಬಾಯಿ ಇನ್ನೂ ಸಣ್ಣದಾಗಬೇಕು. ಗಾಜಿನ ಕೊಳವೆ ಕಾಯಿಸಿ ಎಳೆಯುವ ಕೆಲಸ ಶುರುವಾಗಿದೆ.