ಬೇಲಿಗಿಂತ ಮೊದಲು ಸರ್ವೆ: ಮ್ಯಾಸಚೂಸೆಟ್ಸ್‌ನಲ್ಲಿ ದುಡ್ಡು ಯಾವುದಕ್ಕೆ ಹೋಗುತ್ತದೆ?

ಅಮೆರಿಕದಲ್ಲಿ ಹದ್ದುಬಸ್ತು ಮಾಡಿಸಬೇಕೆಂದರೆ ಸರ್ಕಾರದ ಸರ್ವೇಯರ್ ಬರುವುದಿಲ್ಲ. ರಾಜ್ಯದಿಂದ ಲೈಸೆನ್ಸ್ ಪಡೆದ ಖಾಸಗಿ ಸರ್ವೇಯರ್‌ನನ್ನು ನಾವೇ ಹುಡುಕಬೇಕು, ರೇಟು ಮಾತಾಡಬೇಕು. ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಹಿತ್ತಲಿಗೆ ಬೇಲಿ ಹಾಕಿಸುವ ಮೊದಲು ಕೆಲವರನ್ನು ವಿಚಾರಿಸಿದೆವು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೇಳಿದ್ದು ಎರಡರಷ್ಟು! ನಮ್ಮದು ಕಾಲು ಎಕರೆ, ಅಂದರೆ ಹತ್ತು ಗುಂಟೆ ಜಾಗ. ಹೊಸ ಬಡಾವಣೆಯಲ್ಲಿರುವ ಗೆಳೆಯರ ಜಾಗ ಇದಕ್ಕಿಂತ ದೊಡ್ಡದು. ಆದರೂ ಅವರಿಗೆ ಕಡಿಮೆಯಲ್ಲಿ ಮುಗಿದಿತ್ತು.

ಅಳೆಯುವುದು ಸುಲಭ. ಎಲ್ಲಿಂದ ಅಳೆಯಬೇಕು ಅಂತ ಪತ್ತೆ ಮಾಡುವುದೇ ಕಷ್ಟ, ದುಡ್ಡು ಹೋಗುವುದೂ ಅದಕ್ಕೇ.

ಹೊಸ ಬಡಾವಣೆಯಲ್ಲಿ ನೋಂದಣಿಯಾದ ನಕ್ಷೆ ಇರುತ್ತದೆ. ಮೂಲೆಗಳಲ್ಲಿ ಕಬ್ಬಿಣದ ಸರಳೋ ಕಲ್ಲಿನ ಕಂಬವೋ ಸಾಮಾನ್ಯವಾಗಿ ಸಿಗುತ್ತದೆ. ನಮ್ಮಂಥ ಹಳೇ ಬೀದಿಯ ಕತೆ ಬೇರೆ. ಸರ್ವೇಯರ್ ಮೊದಲು ಕೌಂಟಿಯ ನೋಂದಣಿ ಕಚೇರಿಯ ದಾಖಲೆ ಹಿಡಿದು ಕೂರಬೇಕು. ನಮ್ಮ ಕ್ರಯಪತ್ರ, ಅದರ ಹಿಂದಿನದು, ಅದಕ್ಕೂ ಹಿಂದಿನದು. ಜೊತೆಗೆ ಅಕ್ಕಪಕ್ಕದವರದ್ದೂ ಬೇಕು, ಯಾಕೆಂದರೆ ನಮ್ಮ ಗೆರೆ ಅವರ ಗೆರೆಯೂ ಹೌದಲ್ವಾ? ಹಳೇ ಪತ್ರಗಳ ಚೆಕ್ಕುಬಂದಿ ಓದುವುದೇ ಒಂದು ವಿದ್ಯೆ. ಕಲ್ಲಿನ ಗೋಡೆಯ ಗುಂಟ ಹೋಗಿ, ಓಕ್ ಮರದ ಹತ್ತಿರ ತಿರುಗಿ, ಇಂಥವರ ಜಮೀನಿನ ತನಕ ಎಂಬ ಧಾಟಿ. ಆ ಮರ ಈಗ ಇರುವುದಿಲ್ಲ. ಅಳತೆಯೂ ಅಡಿಯಲ್ಲಿ ಇರಬೇಕೆಂದಿಲ್ಲ. 16.5 ಅಡಿಯ ರಾಡ್, 66 ಅಡಿಯ ಚೈನ್ ಎಂದೆಲ್ಲ ಇರುತ್ತದೆ. (ಅರ್ಧ ಚೈನ್ ಉದ್ದ, ಅರ್ಧ ಚೈನ್ ಅಗಲದ ಜಾಗ ಸರಿಯಾಗಿ ನಮ್ಮ ಒಂದು ಗುಂಟೆ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು.) ದಿಕ್ಕನ್ನು ದಿಕ್ಸೂಚಿ ನೋಡಿ ಬರೆದಿದ್ದರೆ ಇನ್ನೊಂದು ಲೆಕ್ಕ ಬೇಕು. ಸೂಜಿ ತೋರಿಸುವ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತಾ ಹೋಗುತ್ತದೆ.

ಪತ್ರದಲ್ಲಿ 100 ಅಡಿ ಅಂತಿದ್ದು, ಮೊದಲು ನೆಟ್ಟ ಗಡಿಕಲ್ಲು 98 ಅಡಿಗೇ ಸಿಕ್ಕರೆ ಸಾಮಾನ್ಯವಾಗಿ ಗೆಲ್ಲುವುದು ಕಲ್ಲೇ. ಹಾಗಾಗಿ ಅದನ್ನು ಹುಡುಕದೆ ಕೆಲಸ ಮುಂದೆ ಹೋಗುವುದಿಲ್ಲ. ನಮ್ಮಲ್ಲಿಗೆ ಬಂದವರು ಮೆಟಲ್ ಡಿಟೆಕ್ಟರ್ ಹಿಡಿದು ಹಿಂದಿನ ಮೂಲೆಯಲ್ಲಿ ನಿಧಾನವಾಗಿ ಓಡಾಡಿದರು. ಒಂದು ಕಡೆ ಸದ್ದಾಯಿತು. ತರಗೆಲೆ ಸರಿಸಿ, ಬೇರು ಕತ್ತರಿಸಿ, ಒಂದು ಗೇಣು ಅಗೆದ ಮೇಲೆ ತುಕ್ಕು ಹಿಡಿದ ಪೈಪಿನ ತಲೆ ಕಾಣಿಸಿತು. ಇನ್ನೊಂದು ಮೂಲೆಯಲ್ಲಿ ಏನೂ ಸಿಗಲಿಲ್ಲ. ಅದಕ್ಕಾಗಿ ಪಕ್ಕದವರ, ಹಿಂದಿನವರ ಮೂಲೆಗಳನ್ನೆಲ್ಲ ಹುಡುಕಿ ಅಲ್ಲಿಂದ ಅಳೆದು ಬರಬೇಕಾಯಿತು. ಕಳೆದುಹೋದ ಒಂದೊಂದು ಮೂಲೆಗೂ ಇಷ್ಟು ಕೆಲಸ.

ಜಾಗದ ಸ್ವರೂಪವೂ ಲೆಕ್ಕಕ್ಕೆ ಬರುತ್ತದೆ. ದಟ್ಟ ಮರಗಳ ಕೆಳಗೆ ಜಿಪಿಎಸ್ ನಂಬುವ ಹಾಗಿಲ್ಲ. ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ ಎಂಬ ಉಪಕರಣ ಇಟ್ಟು ಒಂದು ಬಿಂದುವಿನಿಂದ ಇನ್ನೊಂದನ್ನು ನೋಡುತ್ತಾ ಹೋಗಬೇಕು, ನಡುವೆ ಪೊದೆ ಇದ್ದರೆ ಸವರಬೇಕು. ಇಳಿಜಾರು, ಜೌಗು, ಜಾಸ್ತಿ ಮೂಲೆಗಳು ಇದ್ದರೂ ಖರ್ಚು ಏರುತ್ತದೆ. ಇಲ್ಲಿ ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮೊದಲು ಮಾಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ದೇಶದ ಎಲ್ಲ ಕಡೆ ಹೀಗಿಲ್ಲ. ಒಹಾಯೊ ರಾಜ್ಯದಿಂದ ಪಶ್ಚಿಮಕ್ಕೆ ಬಹುಪಾಲು ನೆಲವನ್ನು 1785ರ ಭೂ ಅಳತೆ ಕಾಯ್ದೆಯ ಕ್ರಮದಂತೆ ಚೌಕಚೌಕವಾಗಿ ಅಳೆದಿದ್ದಾರೆ. ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 640 ಎಕರೆಯ 36 ಸೆಕ್ಷನ್. ಅಲ್ಲಿ ಪತ್ರ ಓದುವುದು ಸುಲಭ. ಆದರೆ ಸೆಕ್ಷನ್ನಿನ ಮೂಲೆ ಸಿಗದಿದ್ದರೆ ಅಲ್ಲೂ ದೂರದಿಂದ ಅಳೆದುಕೊಂಡು ಬರಬೇಕು.

ರೇಟು ಹೋಲಿಸುವಾಗ ಏನೇನು ಕೊಡುತ್ತೀರಿ ಅಂತ ಮೊದಲು ಕೇಳಿ. ನಮಗೆ ಬಂದ ಕಡಿಮೆ ರೇಟು ಮೂಲೆಗಳಲ್ಲಿ ಗೂಟ ಹೊಡೆಯುವುದಕ್ಕೆ ಮಾತ್ರ. ಜಾಸ್ತಿ ಹೇಳಿದವರು ಗೆರೆಯುದ್ದಕ್ಕೂ ಗೂಟ ಹೊಡೆದು, ಸಹಿ ಮಾಡಿದ ನಕ್ಷೆಯನ್ನೂ ಕೊಡುವವರಿದ್ದರು. ಮನೆ ಕೊಳ್ಳುವಾಗ ಬ್ಯಾಂಕಿಗೆಂದು ಮಾಡಿದ ನಕ್ಷೆ ಬೇಲಿಗೆ ಆಗುವುದಿಲ್ಲ. ತೆರಿಗೆ ಲೆಕ್ಕಕ್ಕೆ ಟೌನಿನವರು ಇಟ್ಟುಕೊಂಡಿರುವ ನಕ್ಷೆಯನ್ನೂ ನಂಬಬೇಡಿ.

ಇಷ್ಟು ಖರ್ಚು ಬೇಕಾ ಅಂತ ಮನೆಯಲ್ಲೂ ಚರ್ಚೆಯಾಯಿತು. ಬೇಕು ಅಂತಲೇ ನಾನು ಹೇಳಿದೆ. ಈ ರಾಜ್ಯದಲ್ಲಿ ಒಬ್ಬರ ಜಾಗವನ್ನು ಇನ್ನೊಬ್ಬರು ಅನುಮತಿಯಿಲ್ಲದೆ, ಎಲ್ಲರಿಗೂ ಕಾಣುವಂತೆ 20 ವರ್ಷ ಬಿಡದೆ ತಮ್ಮದೇ ಎಂಬಂತೆ ಬಳಸಿದರೆ ಅದರ ಮೇಲೆ ಹಕ್ಕು ಕೇಳಬಹುದು. ಆದರೆ ಲ್ಯಾಂಡ್ ಕೋರ್ಟ್ ಎಂಬ ರಾಜ್ಯದ ಜಮೀನು ಕೋರ್ಟು ಹಕ್ಕನ್ನು ತೀರ್ಮಾನಿಸಿ ರಿಜಿಸ್ಟರ್ ಮಾಡಿದ ಜಮೀನಿಗೆ ಈ ಭಯವಿಲ್ಲ. ತಪ್ಪು ಜಾಗದಲ್ಲಿ ಎದ್ದ ಬೇಲಿ ಮುಂದೆ ಕೋರ್ಟಿಗೆ ಎಳೆಯಬಹುದು.

ಖರ್ಚು ಇಳಿಸಲು ದಾರಿಗಳೂ ಇವೆ. ಮನೆಯಲ್ಲಿ ಹಳೇ ನಕ್ಷೆ ಇದ್ದರೆ ಹುಡುಕಿ ಕೊಡಿ. ನಿಮ್ಮ ಬೀದಿಯಲ್ಲಿ ಮೊದಲೇ ಕೆಲಸ ಮಾಡಿದ ಸರ್ವೇಯರ್ ಯಾರು ಅಂತ ವಿಚಾರಿಸಿ, ಅವರ ಕಡತದಲ್ಲಿ ಅರ್ಧ ಕೆಲಸ ಆಗಿರಬಹುದು. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ. ನಮ್ಮ ಪಕ್ಕದವರಿಗೂ ಬೇಲಿ ಬೇಕಿತ್ತು, ನಡುವಿನ ಗೆರೆಯ ಖರ್ಚನ್ನು ಇಬ್ಬರೂ ಹಂಚಿಕೊಂಡೆವು.