ಪಾಲು ಬೇರೆ, ಸರದಿ ಬೇರೆ: ಪುಟ್ಟ ಬೋರ್ಡುಗಳಲ್ಲಿ ಲಿನಕ್ಸ್‌ನ ಹೊಸ ಷೆಡ್ಯೂಲರ್

ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಬೋರ್ಡಿನಲ್ಲಿ ಇರುವುದು 1 ಗಿಗಾಹರ್ಟ್ಸ್‌ನ ನಾಲ್ಕು ಕೋರ್, 512 ಎಂಬಿ ಮೆಮೊರಿ. ಸೆನ್ಸರ್ ಓದುವ ಪ್ರೋಗ್ರಾಂ ಜೊತೆಗೆ ನಾಲ್ಕೂ ಕೋರ್ ಬಳಸುವ ಬ್ಯಾಕಪ್ ಓಡಿಸಿದರೆ, ಕಂಪ್ರೆಷನ್ ಶುರುವಾದೊಡನೆ ರೀಡಿಂಗ್ ತಡವಾಗತೊಡಗುತ್ತದೆ. ಸೆನ್ಸರಿನದು ಅರ್ಧ ಮಿಲಿಸೆಕೆಂಡಿನ ಕೆಲಸ. ಅದಕ್ಕೆ ಹೆಚ್ಚು ಸಿಪಿಯು ಬೇಡ, ಎದ್ದ ತಕ್ಷಣ ಸಿಕ್ಕರೆ ಸಾಕು.

ಯಾವ ಪ್ರೋಗ್ರಾಂ ಯಾವಾಗ, ಎಷ್ಟು ಹೊತ್ತು ಸಿಪಿಯು ಬಳಸಬೇಕು ಎಂದು ನಿರ್ಧರಿಸುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಷೆಡ್ಯೂಲರ್. 2007ರಿಂದ ಇದ್ದ ಸಿಎಫ್‌ಎಸ್ ಎಂಬ ಷೆಡ್ಯೂಲರಿಗೆ ಇದನ್ನು ತಿಳಿಸುವ ದಾರಿ ಇರಲಿಲ್ಲ. ನೈಸ್ ಬೆಲೆ (ಆದ್ಯತೆಯ ಅಂಕಿ, ಕಡಿಮೆಯಾದಷ್ಟೂ ಆದ್ಯತೆ ಹೆಚ್ಚು) ಇಳಿಸಿದರೆ ಸರದಿಯ ಜೊತೆ ಪಾಲೂ ಹೆಚ್ಚುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬಂದ 6.6 ಕರ್ನಲ್‌ನಿಂದ ಆ ಜಾಗದಲ್ಲಿ ಇಇವಿಡಿಎಫ್ ಇದೆ. ಮೂಲ ಅಲ್ಗಾರಿದಮ್ 1995ರದು. ಕರ್ನಲ್‌ಗೆ ತಂದವರು ಪೀಟರ್ ಝಿಲ್‌ಸ್ಟ್ರಾ. ತನಗೆ ಬರಬೇಕಾದ ಪಾಲಿಗಿಂತ ಹೆಚ್ಚು ಉಂಡಿರದ ಟಾಸ್ಕ್‌ಗಳು (ಓಡಲು ಕಾದಿರುವ ಕೆಲಸಗಳು) ಮಾತ್ರ ಅರ್ಹ. ಅವುಗಳಲ್ಲಿ ಯಾವುದರ ಗಡುವು ಹತ್ತಿರವೋ ಅದು ಮೊದಲು. ಗಡುವು ಸಿಗುವುದು ಸ್ಲೈಸನ್ನು (ಒಂದು ಸರದಿಯಲ್ಲಿ ಓಡುವ ಹೊತ್ತು) ವೇಯ್ಟ್‌ನಿಂದ (ಪಾಲನ್ನು ತೀರ್ಮಾನಿಸುವ ತೂಕ) ಭಾಗಿಸಿ. ಹಾಗಾಗಿ ಸ್ಲೈಸ್ ಚಿಕ್ಕದಾದರೆ ಗಡುವು ಹತ್ತಿರವಾಗುತ್ತದೆ, ಸರದಿ ಬೇಗ ಬರುತ್ತದೆ, ಆದರೆ ಪಾಲು ಬದಲಾಗುವುದಿಲ್ಲ. ಇಷ್ಟು ವರ್ಷ ಚಿಕ್ಕ ಯಂತ್ರಗಳಿಗೆ ಬೇಕಿದ್ದದ್ದು ಇದೇ.

2024ರ ನವೆಂಬರಿನ 6.12ರಿಂದ ಒಂದೊಂದು ಟಾಸ್ಕ್‌ಗೂ 0.1ರಿಂದ 100 ಮಿಲಿಸೆಕೆಂಡ್‌ವರೆಗೆ ಬೇರೆ ಬೇರೆ ಸ್ಲೈಸ್ ಕೊಡಬಹುದು. ಸಿಎಚ್‌ಆರ್‌ಟಿ ಕಮಾಂಡಿನ ಹೊಸ ಆವೃತ್ತಿಯಲ್ಲಿ ಅದರ್ (ಸಾಮಾನ್ಯ) ಪಾಲಿಸಿ ಆರಿಸಿ, ರನ್‌ಟೈಮ್ ಜಾಗದಲ್ಲಿ ನ್ಯಾನೋಸೆಕೆಂಡ್ ಲೆಕ್ಕ ಬರೆಯಿರಿ: ಸೆನ್ಸರಿಗೆ 500000, ಬ್ಯಾಕಪ್‌ಗೆ 20000000. ಉದ್ದದ ಸ್ಲೈಸ್ ಬ್ಯಾಕಪ್‌ಗೂ ಒಳ್ಳೆಯದೇ, ಕ್ಯಾಶೆ (ಸಿಪಿಯುವಿನ ವೇಗದ ಪುಟ್ಟ ಮೆಮೊರಿ) ಪದೇ ಪದೇ ಹಾಳಾಗುವುದಿಲ್ಲ. ಆದರೆ ಒಮ್ಮೆ ಎದ್ದರೆ 5 ಮಿಲಿಸೆಕೆಂಡ್ ದುಡಿಯುವ ಪ್ರೋಗ್ರಾಮಿಗೆ ಅರ್ಧ ಮಿಲಿಸೆಕೆಂಡಿನ ಸ್ಲೈಸ್ ಕೊಟ್ಟರೆ ಕೆಲಸ ತುಂಡು ತುಂಡಾಗುತ್ತದೆ, ಪ್ರತಿ ತುಂಡಿಗೂ ಹೊಸ ಗಡುವು. ಮೊದಲು ಅಳೆದು ನೋಡಿ, ಆಮೇಲೆ ಇಳಿಸಿ.

ನೈಸ್ ಕೊಟ್ಟರೂ ಏನೂ ಆಗಲಿಲ್ಲ ಅನ್ನುವವರು ಸಿಗ್ರೂಪ್ (ಪ್ರೋಗ್ರಾಂಗಳನ್ನು ಗುಂಪು ಮಾಡಿ ಸಿಪಿಯು, ಮೆಮೊರಿ ಹಂಚುವ ಕರ್ನಲ್ ವ್ಯವಸ್ಥೆ) ನೋಡಬೇಕು. ಸರ್ವೀಸುಗಳನ್ನು, ಅಂದರೆ ಹಿನ್ನೆಲೆಯ ಪ್ರೋಗ್ರಾಂಗಳನ್ನು, ನಡೆಸುವ ಸಿಸ್ಟಮ್‌ಡಿಯಲ್ಲಿ ಯಾವುದೋ ಒಂದು ಸರ್ವೀಸಿಗೆ ಸಿಪಿಯು ವೇಯ್ಟ್ ಬರೆದರೂ ಸಾಕು, ಅದರ ಪಕ್ಕದ ಸರ್ವೀಸುಗಳೆಲ್ಲ ಪ್ರತ್ಯೇಕ ಗುಂಪುಗಳಾಗುತ್ತವೆ. ಅಲ್ಲಿಂದಾಚೆಗೆ ನೈಸ್‌ಗೆ ಬೆಲೆ ಆ ಗುಂಪಿನ ಒಳಗೆ ಮಾತ್ರ. ಬ್ಯಾಕಪ್ ಸರ್ವೀಸಿಗೇ ವೇಯ್ಟ್ 20 ಕೊಡಿ. ಏನೂ ಬರೆಯದಿದ್ದರೆ ಅದು 100.

ವೇಯ್ಟ್ ಬದಲು ಕೋಟಾ (ಇಷ್ಟೇ ಎಂಬ ಗಟ್ಟಿ ಮಿತಿ) ಹಾಕುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. 20 ಪರ್ಸೆಂಟ್ ಕೋಟಾ ಅಂದರೆ ಪ್ರತಿ 100 ಮಿಲಿಸೆಕೆಂಡಿನಲ್ಲಿ 20. ನಾಲ್ಕು ಥ್ರೆಡ್ ನಾಲ್ಕು ಕೋರಿನಲ್ಲಿ ಒಟ್ಟಿಗೆ ಓಡಿದರೆ ಅದು 5 ಮಿಲಿಸೆಕೆಂಡಿನಲ್ಲೇ ಖಾಲಿ. ಉಳಿದ 95 ಮಿಲಿಸೆಕೆಂಡ್ ಇಡೀ ಸರ್ವೀಸ್ ಸ್ತಬ್ಧ, ಕೋರುಗಳು ಖಾಲಿ ಬಿದ್ದಿದ್ದರೂ. ಸಿಗ್ರೂಪ್‌ನ ಸಿಪಿಯು ಅಂಕಿಅಂಶದ ಫೈಲಿನಲ್ಲಿ ಥ್ರಾಟಲ್ (ಹೀಗೆ ತಡೆಹಿಡಿದ) ಎಣಿಕೆ ಏರುತ್ತಿದ್ದರೆ ಕಾರಣ ಇದೇ.

ರಿಯಲ್‌ಟೈಮ್ ಪ್ರಿಎಂಪ್ಷನ್ (ತುರ್ತು ಕೆಲಸಕ್ಕಾಗಿ ನಡೆಯುತ್ತಿರುವುದನ್ನು ಕರ್ನಲ್ ಬೇಗನೆ ಬದಿಗಿಡುವ ವ್ಯವಸ್ಥೆ) ಕೂಡ 6.12ರಲ್ಲೇ ಮುಖ್ಯ ಕರ್ನಲ್‌ಗೆ ಸೇರಿದೆ. ಮೋಟಾರಿನ ಪಲ್ಸ್‌ನಂಥ ಕೆಲಸಕ್ಕೆ ಅದು ಬೇಕು, ಸೆನ್ಸರ್ ಓದಲು ಬೇಡ.

ಇಷ್ಟಾದ ಮೇಲೂ ಯಂತ್ರ ತಡವರಿಸಿದರೆ ತೊಂದರೆ ಬಹುಶಃ ಸಿಪಿಯುವಿನದಲ್ಲ. 512 ಎಂಬಿ ತುಂಬಿ ಎಸ್‌ಡಿ ಕಾರ್ಡಿಗೆ ಸ್ವಾಪ್ (ಮೆಮೊರಿಯಲ್ಲಿದ್ದದ್ದನ್ನು ಅಲ್ಲಿಗೆ ಸಾಗಿಸುವುದು) ಶುರುವಾದರೆ ಯಾವ ಷೆಡ್ಯೂಲರೂ ಏನೂ ಮಾಡಲಾರದು. ಬ್ಯಾಕಪ್‌ಗೆ ಮೆಮೊರಿ ಮ್ಯಾಕ್ಸ್ ಮಿತಿ ಹಾಕಿ. ಅದಕ್ಕೂ ಮೊದಲು ಸಿಗ್ರೂಪ್‌ನ ಕಂಟ್ರೋಲರ್ ಪಟ್ಟಿಯಲ್ಲಿ ಮೆಮೊರಿ ಇದೆಯೇ ನೋಡಿ. ರಾಸ್ಪ್‌ಬೆರಿ ಪೈ ಓಎಸ್ ಅದನ್ನು ಆಫ್ ಮಾಡಿಯೇ ಕೊಡುತ್ತ ಬಂದಿದೆ. ಆಗ ನೀವು ಬರೆದ ಮಿತಿ ಜಾರಿಯಾಗುವುದೇ ಇಲ್ಲ. ಬೂಟ್ ಫೋಲ್ಡರಿನ ಕಮಾಂಡ್‌ಲೈನ್ ಫೈಲಿನಲ್ಲಿ ಮೆಮೊರಿ ಸಿಗ್ರೂಪ್ ಆನ್ ಮಾಡುವ ಆಯ್ಕೆಯನ್ನು ಅದೇ ಸಾಲಿನ ಕೊನೆಗೆ ಸೇರಿಸಿ ರೀಬೂಟ್ ಮಾಡಿ. ಹೊಸ ಸಾಲಿನಲ್ಲಿ ಬರೆದರೆ ಕರ್ನಲ್ ಅದನ್ನು ಓದುವುದಿಲ್ಲ.